ನಿಮಗಿದು ಗೊತ್ತೆ? ಚಾಟಿಯೇಟು: ಭಕ್ತಿ, ದಂಡನೆ, ಕಲೆ
ಹೂವಿನಹಡಗಲಿ ತಾಲ್ಲೂಕಿನ ಹೊಳಲು ಸೀಮೆಯನ್ನೊಳಗೊಂಡ ಮಧ್ಯ ಮತ್ತು ಉತ್ತರ ಕರ್ನಾಟಕದಲ್ಲಿ ಊರೂರು ಸಂಚರಿಸುವ ದುರುಗಮುರುಗಿಯರಲ್ಲಿ, ಹೆಂಡತಿಯು ದೇವಿಯ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ಉರುಮೆ ಬಾರಿಸುತ್ತಿದ್ದರೆ, ಕಾಲಿಗೆ ಗೆಜ್ಜೆ ಕಟ್ಟಿದ ಗಂಡನು ಬಾರುಕೋಲಿನಿಂದ, ಅಂದರೆ ಹೆಣೆದ ಚಾಟಿಯಿಂದ, ತನ್ನ ಬರಿಮೈಗೆ ತಾನೇ ಹೊಡೆದುಕೊಳ್ಳುತ್ತಾನೆ; ಈ ನೋವು ದೇವಿಯ ಸೇವೆಯೂ ಹೌದು, ಹೊಟ್ಟೆಪಾಡಿನ ಕಲೆಯೂ ಹೌದು.

ಪ್ಲೇಗ್ ಹಬ್ಬಿದ ಯುರೋಪಿನಲ್ಲಿ ಪಾಪಪರಿಹಾರಕ್ಕೆಂದು ಹೀಗೆಯೇ ಹೊಡೆದುಕೊಳ್ಳುತ್ತ ಮೆರವಣಿಗೆ ಹೊರಟವರನ್ನು ಪೋಪ್ 6ನೆಯ ಕ್ಲೆಮೆಂಟ್ 1349ರಲ್ಲಿ ಖಂಡಿಸಿದನು. ಭಕ್ತಿಯ ಚಾಟಿಯ ಜೊತೆಗೆ ದಂಡನೆಯ ಚಾಟಿಯೂ ಇತ್ತು: ಬ್ರಿಟಿಷ್ ಆಡಳಿತವು 1864ರ ಕಾಯ್ದೆಯ ಮೂಲಕ ಭಾರತದಲ್ಲಿ ಛಡಿಯೇಟನ್ನು ಶಿಕ್ಷೆಯಾಗಿ ವಿಧಿಸಿತು. ಸ್ವತಂತ್ರ ಭಾರತವು 1955ರಲ್ಲಿ ಅದನ್ನು ರದ್ದುಗೊಳಿಸಿತು. ದಂಡನೆಯ ಚಾಟಿ ಹೀಗೆ ಕಾನೂನಿನಿಂದ ಮರೆಯಾದರೂ, ಬಡತನವು ಹೊಡೆಸುವ ಚಾಟಿ ನಿಲ್ಲಬೇಕಾದರೆ ಈ ಅಲೆಮಾರಿ ಕಲಾವಿದರಿಗೆ ನೆಲೆಯೂ ಅವರ ಮಕ್ಕಳಿಗೆ ಶಾಲೆಯೂ ದೊರೆಯಬೇಕು.