ಸೊಸೈಟಿಯ ಲೆಕ್ಕ ನೋಡುವವರು ಯಾರು?

ಸಹಕಾರಿ ಸಾಲ ಸಂಘದಲ್ಲಿ ಠೇವಣಿ ಇಡುವವರು, ಸಾಲ ಪಡೆಯುವವರು, ಆಡಳಿತ ಮಂಡಳಿಯಲ್ಲಿ ಕೂರುವವರು ಎಲ್ಲರೂ ಒಂದೇ ಸುತ್ತಿನ ಜನ. ಸಂಘದ ಶಕ್ತಿ ಇರುವುದೂ ಇದರಲ್ಲೇ, ಅಪಾಯ ಇರುವುದೂ ಇದರಲ್ಲೇ. ಯಾರ ಹೊಲ ಎಷ್ಟು, ಯಾರು ಹೇಳಿದ ದಿನಕ್ಕೆ ಹಣ ಕಟ್ಟುತ್ತಾರೆ ಎಂಬುದು ಊರಿಗೆ ಗೊತ್ತಿರುವುದರಿಂದ ದೂರದ ಬ್ಯಾಂಕಿಗಿಂತ ಸೊಸೈಟಿ ಧೈರ್ಯವಾಗಿ ಸಾಲ ಕೊಡಬಲ್ಲದು. ಆದರೆ ಅದೇ ಪರಿಚಯದ ದಾಕ್ಷಿಣ್ಯದಿಂದ, ಲೆಕ್ಕ ತಪ್ಪಿದಾಗ ಎದ್ದು ನಿಂತು ಕೇಳುವವರು ಸಿಗುವುದಿಲ್ಲ. ಆದ್ದರಿಂದ ಆಡಳಿತ ನಡೆಸುವವರು ಬೇರೆ, ಆ ಆಡಳಿತದ ಮೇಲೆ ಕಣ್ಣಿಡುವವರು ಬೇರೆ ಇರಬೇಕೆಂಬ ನಿಯಮವನ್ನು ಸಹಕಾರ ಚಳವಳಿ ಬಹಳ ಬೇಗ ಮಾಡಿಕೊಂಡಿತು.

ಚಿಂತಾಮಣಿ ತಾಲೂಕಿನ ಕೈವಾರ ಹೋಬಳಿಯಂಥ ಕಡೆ ಒಂದು ಮನೆಗೆ ಒಂದೇ ಸಂಘದ ನಂಟು ಇರುವುದು ಅಪರೂಪ. ಬೆಳೆ ಸಾಲಕ್ಕೆ ವಿಎಸ್‌ಎಸ್‌ಎನ್, ಅಂದರೆ ವ್ಯವಸಾಯ ಸೇವಾ ಸಹಕಾರ ಸಂಘ. ಹಾಲು ಹಾಕಲು ಡೇರಿ. ಮನೆಯ ಹೆಂಗಸರಿಗೆ ಸ್ತ್ರೀಶಕ್ತಿ ಅಥವಾ ಸ್ವಸಹಾಯ ಸಂಘ. ಪೇಟೆಯಲ್ಲಿ ಅಂಗಡಿ ಇದ್ದರೆ ದಿನವೂ ಪಿಗ್ಮಿ ಕಟ್ಟಿಸಿಕೊಳ್ಳುವ ಪತ್ತಿನ ಸಂಘ. ರೇಷ್ಮೆ ಗೂಡು, ಟೊಮೆಟೊ, ಹಾಲು ಈ ಮೂರರ ಮೇಲೆ ನಿಂತ, ನದಿಯ ಆಸರೆಯಿಲ್ಲದೆ ಕೊಳವೆಬಾವಿಯನ್ನು ನಂಬಿದ ಈ ಸೀಮೆಯಲ್ಲಿ ಸಾಲ ಇಲ್ಲದೆ ಬೇಸಾಯ ಸಾಗುವುದಿಲ್ಲ. ರಾಜ್ಯ ಸರ್ಕಾರ 2023–24ರಲ್ಲಿ ಶೂನ್ಯ ಬಡ್ಡಿಯ ಅಲ್ಪಾವಧಿ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಿದ ಮೇಲಂತೂ ಸೊಸೈಟಿಯ ಬಾಗಿಲಿಗೆ ಬರುವ ಹಣದ ಗಾತ್ರ ದೊಡ್ಡದಾಯಿತು. ಹಣ ಬೆಳೆದಷ್ಟೂ ಅದರ ಮೇಲಿನ ಕಾವಲೂ ಬೆಳೆಯಬೇಕು.

ಸಹಕಾರಿ ಸಾಲ ಪದ್ಧತಿಯ ಬೇರು ಜರ್ಮನಿಯಲ್ಲಿದೆ. ಹತ್ತೊಂಬತ್ತನೇ ಶತಮಾನದ ನಡುವೆ ಫ್ರೆಡ್ರಿಕ್ ರೈಫೈಸನ್ ಹಳ್ಳಿಗಾಡಿನ ಸಾಲ ಸಂಘಗಳನ್ನು ಕಟ್ಟಿದ. ಅದೇ ಶತಮಾನದ ಕೊನೆಗೆ ಮದ್ರಾಸ್ ಪ್ರಾಂತ್ಯದ ಅಧಿಕಾರಿ ಫ್ರೆಡ್ರಿಕ್ ನಿಕಲ್ಸನ್ ಆ ಮಾದರಿಯನ್ನು ಅಧ್ಯಯನ ಮಾಡಿ, ಇಲ್ಲಿಗೂ ಅಂಥದ್ದು ಬೇಕೆಂದು ವರದಿ ಕೊಟ್ಟ. 1904ರಲ್ಲಿ ಸಹಕಾರಿ ಸಾಲ ಸಂಘಗಳ ಕಾಯ್ದೆ ಬಂತು. ಮರುವರ್ಷವೇ, 1905ರ ಮೇ 8ರಂದು, ಇಂದಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಆ ಕಾಯ್ದೆಯಡಿ ಸಂಘವೊಂದು ನೋಂದಣಿಯಾಯಿತು. ಕೋಲಾರ ಸೀಮೆ ಸೇರಿದ್ದ ಮೈಸೂರು ಸಂಸ್ಥಾನವೂ ಅದೇ 1905ರಲ್ಲಿ ತನ್ನದೇ ಸಹಕಾರ ಕಾನೂನು ಮಾಡಿಕೊಂಡಿತು.

1907ರಲ್ಲಿ ಭಾರತಕ್ಕೆ ಬಂದಿದ್ದ ಬಾಸ್ಟನ್ನಿನ ವರ್ತಕ ಎಡ್ವರ್ಡ್ ಫೈಲೀನ್ ಇಲ್ಲಿನ ಹಳ್ಳಿಗಳ ಸಾಲ ಸಂಘಗಳನ್ನು ಕಂಡು ಮೆಚ್ಚಿ ಊರಿಗೆ ಮರಳಿದ. ಎರಡೇ ವರ್ಷಕ್ಕೆ, 1909ರಲ್ಲಿ, ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಕ್ರೆಡಿಟ್ ಯೂನಿಯನ್ ಕಾನೂನು ತರಲು ದುಡಿದವರಲ್ಲಿ ಅವನೂ ಒಬ್ಬ. ಇಡೀ ಅಮೆರಿಕಕ್ಕೆ ಅನ್ವಯಿಸುವ ಕಾಯ್ದೆ ಬಂದದ್ದು 1934ರಲ್ಲಿ. ಅಮೆರಿಕದ ಕ್ರೆಡಿಟ್ ಯೂನಿಯನ್ನಿಗೂ ನಮ್ಮ ಪತ್ತಿನ ಸಂಘಕ್ಕೂ ಇರುವುದು ದಾಯಾದಿ ಸಂಬಂಧ. ಬೆಳೆದ ದಾರಿ ಮಾತ್ರ ಬೇರೆ.

ಮುಖ್ಯ ವ್ಯತ್ಯಾಸ ಮೇಲ್ವಿಚಾರಣೆಯಲ್ಲಿದೆ. ಅಮೆರಿಕದ ಫೆಡರಲ್ ಕ್ರೆಡಿಟ್ ಯೂನಿಯನ್‌ಗಳಲ್ಲಿ ಆಡಳಿತ ಮಂಡಳಿಯ ಪಕ್ಕದಲ್ಲೇ ಮೂರರಿಂದ ಐದು ಸದಸ್ಯರ ಮೇಲ್ವಿಚಾರಣಾ ಸಮಿತಿ ಇರುತ್ತದೆ. ಸಂಘದ ನೌಕರರಾಗಲಿ ಸಾಲ ಮಂಜೂರು ಮಾಡುವ ಸಮಿತಿಯವರಾಗಲಿ ಅದರಲ್ಲಿ ಇರುವಂತಿಲ್ಲ. ವರ್ಷಕ್ಕೊಮ್ಮೆ ಆಡಿಟ್ ಮಾಡಿಸುವ ಹೊಣೆ ಈ ಸಮಿತಿಯದು. ಎರಡು ವರ್ಷಕ್ಕೊಮ್ಮೆಯಾದರೂ ಸಂಘದ ಪುಸ್ತಕದಲ್ಲಿರುವ ಬಾಕಿಯನ್ನು ಸದಸ್ಯರ ಬಳಿ ಇರುವ ಲೆಕ್ಕದ ಜೊತೆ ತಾಳೆ ನೋಡಿಸಬೇಕು. ನಿರ್ದೇಶಕರೊಬ್ಬರ ನಡತೆ ಸರಿಯಿಲ್ಲವೆಂದು ಕಂಡರೆ ಸಮಿತಿ ಸರ್ವಾನುಮತದಿಂದ ಅವರನ್ನು ಅಮಾನತಿನಲ್ಲಿಟ್ಟು, ಸದಸ್ಯರ ವಿಶೇಷ ಸಭೆಯ ಮುಂದೆ ವಿಷಯ ಇಡಬಹುದು. ಇದರ ಮೇಲೆ ಸರ್ಕಾರದ ತಪಾಸಣೆ ಬೇರೆ ಇದೆ.

ಕರ್ನಾಟಕದಲ್ಲಿ ಈ ಕೆಲಸದ ಬಹುಪಾಲು ಹೊರಗಿನ ಇಲಾಖೆಯ ಪಾಲಿಗೆ ಬಂದಿದೆ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ ಪ್ರಕಾರ ಸಂಘದ ಪರಮಾಧಿಕಾರ ಮಹಾಸಭೆಯದು. ದಿನದ ಆಡಳಿತ ಐದು ವರ್ಷಕ್ಕೊಮ್ಮೆ ಚುನಾಯಿತವಾಗುವ ಮಂಡಳಿಯದು. ಪುಸ್ತಕ ಬರೆಯುವುದು, ಹಣ ಕೊಟ್ಟು ತೆಗೆದುಕೊಳ್ಳುವುದು ಕಾರ್ಯದರ್ಶಿಯ ಕೆಲಸ. ಕಾಗದದ ಮೇಲೆ ಅವರಿಗೆ ಸಿಇಒ ಎಂಬ ಹೆಸರು ಬಂದಿದ್ದರೂ ಊರಿನವರ ಬಾಯಲ್ಲಿ ಅವರು ಸೆಕ್ರೆಟರಿಯೇ. ಇವರೆಲ್ಲರ ಮೇಲೆ ಸಹಕಾರ ಸಂಘಗಳ ನಿಬಂಧಕರು. ಅವರ ಕೆಳಗೆ ಜಿಲ್ಲೆಗೆ ಉಪ ನಿಬಂಧಕರು, ಉಪವಿಭಾಗಕ್ಕೆ ಸಹಾಯಕ ನಿಬಂಧಕರು, ತಾಲೂಕಿಗೆ ಸಹಕಾರ ಅಭಿವೃದ್ಧಿ ಅಧಿಕಾರಿ. ಲೆಕ್ಕಪರಿಶೋಧನೆಗೆ ಬೇರೆಯೇ ನಿರ್ದೇಶನಾಲಯವಿದೆ. ಸಾಲದ ಹಣ ರಾಜ್ಯಮಟ್ಟದ ಅಪೆಕ್ಸ್ ಬ್ಯಾಂಕಿನಿಂದ ಜಿಲ್ಲಾ ಕೇಂದ್ರ ಸಹಕಾರ (ಡಿಸಿಸಿ) ಬ್ಯಾಂಕಿಗೆ, ಅಲ್ಲಿಂದ ವಿಎಸ್‌ಎಸ್‌ಎನ್‌ಗೆ ಇಳಿಯುವುದರಿಂದ ಹಣ ಕೊಟ್ಟ ಡಿಸಿಸಿ ಬ್ಯಾಂಕಿನ ಸೂಪರ್‌ವೈಸರ್ ಕೂಡ ಸೊಸೈಟಿಯ ಪುಸ್ತಕ ನೋಡುತ್ತಾರೆ. ಚಿಂತಾಮಣಿ ಸೇರಿರುವ ಚಿಕ್ಕಬಳ್ಳಾಪುರ 2007ರಲ್ಲಿ ಕೋಲಾರದಿಂದ ಬೇರೆಯಾಗಿ ಪ್ರತ್ಯೇಕ ಜಿಲ್ಲೆಯಾಯಿತು. ಆದರೂ ಡಿಸಿಸಿ ಬ್ಯಾಂಕ್ ಎರಡು ಜಿಲ್ಲೆಯ ಹೆಸರನ್ನೂ ಹೊತ್ತು ಒಂದಾಗಿಯೇ ಮುಂದುವರಿಯಿತು. ಮಹಿಳಾ ಸಂಘಗಳಿಗೆ ಸಾಲ ಕೊಡುವುದರಲ್ಲಿ ರಾಜ್ಯದಲ್ಲೇ ಹೆಸರು ಮಾಡಿತು. ಅದರ ಮೇಲೆ ನಬಾರ್ಡ್ ತಪಾಸಣೆ ಇದೆ, ರಿಸರ್ವ್ ಬ್ಯಾಂಕಿನ ನಿಯಂತ್ರಣ ಇದೆ. ಹಳ್ಳಿಯ ಸೊಸೈಟಿ ಮಾತ್ರ ರಿಸರ್ವ್ ಬ್ಯಾಂಕಿನ ಕೈಗೆ ಬರುವುದಿಲ್ಲ.

ಇಷ್ಟೊಂದು ಕಣ್ಣುಗಳಿದ್ದೂ ಹಣ ಹೇಗೆ ಸೋರುತ್ತದೆ ಎಂಬುದು ಪುಸ್ತಕ ಬಿಚ್ಚಿದರೆ ತಿಳಿಯುತ್ತದೆ. ಸೊಸೈಟಿಗೆ ಬಂದ ಲೆಕ್ಕಪರಿಶೋಧಕರು ಮೊದಲು ಮಾಡಬೇಕಾದದ್ದು ಪೆಟ್ಟಿಗೆಯ ನಗದು ಎಣಿಸುವುದು. ನಗದು ಪುಸ್ತಕದ ಕೊನೆಯ ಸಾಲಿನ ಶಿಲ್ಕಿಗೂ ಎಣಿಸಿದ ಹಣಕ್ಕೂ ತಾಳೆಯಾಗಬೇಕು. ತಾಳೆಯಾದರೂ ಕೆಲಸ ಮುಗಿಯಲಿಲ್ಲ. ಬೈಲಾ ಹೇಳಿದ ಮಿತಿಗಿಂತ ಹೆಚ್ಚು ಕೈನಗದು ವಾರಗಟ್ಟಲೆ ಬ್ಯಾಂಕಿಗೆ ಹೋಗದೆ ಪುಸ್ತಕದಲ್ಲಿ ಉಳಿದಿದ್ದರೆ ಆ ಹಣ ಅಷ್ಟು ದಿನ ಪೆಟ್ಟಿಗೆಯಲ್ಲೇ ಇತ್ತೋ, ಯಾರದಾದರೂ ಟೊಮೆಟೊ ವ್ಯಾಪಾರಕ್ಕೆ ಹೋಗಿ ಬಂತೋ ಎಂದು ಕೇಳಬೇಕಾಗುತ್ತದೆ. ಆಡಿಟ್ ವರದಿಗಳಲ್ಲಿ ಇದಕ್ಕೆ ತಾತ್ಕಾಲಿಕ ದುರುಪಯೋಗ ಎನ್ನುತ್ತಾರೆ. ದೊಡ್ಡ ಹಗರಣಗಳು ಮೊಳೆಯುವುದು ಸಾಮಾನ್ಯವಾಗಿ ಇಂಥ ಸಣ್ಣ ಸಾಲಿನಲ್ಲಿ.

ರೈತ ಕಂತು ಕಟ್ಟಿದ. ಕೈಗೆ ರಸೀದಿ ಬಂತು, ಪಾಸ್‌ಬುಕ್ಕಿನಲ್ಲಿ ಬರೆದೂ ಆಯಿತು, ಸಂಘದ ಸಾಲದ ಖಾತೆಯಲ್ಲಿ ಮಾತ್ರ ಜಮಾ ಆಗಲಿಲ್ಲ. ಸಂಘದ ಪುಸ್ತಕವನ್ನಷ್ಟೇ ನೋಡುವವರಿಗೆ ಇದು ಎಂದಿಗೂ ಕಾಣುವುದಿಲ್ಲ. ಅಲ್ಲಿ ಎಲ್ಲ ಕೂಡಿ ಕಳೆದು ಸರಿಯಾಗಿಯೇ ಇರುತ್ತದೆ. ಪಿಗ್ಮಿ ಏಜೆಂಟರ ವಿಷಯವೂ ಹೀಗೆಯೇ. ಮಹಿಳಾ ಸಂಘದ ಸಾಲದಲ್ಲಿ ಅಪಾಯ ಇನ್ನೊಂದು ಬಗೆಯದು. ಹತ್ತು ಹದಿನೈದು ಜನರ ಹೆಸರಿನಲ್ಲಿ ಬಂದ ಹಣ ಅಷ್ಟೂ ಜನರ ಕೈಸೇರಿತೇ ಎಂದು ಅವರನ್ನೇ ಕೇಳದೆ ಗೊತ್ತಾಗುವುದಿಲ್ಲ. ಕೆಲವು ಮನೆಗಳ ಬಾಗಿಲು ತಟ್ಟಿ ಪಾಸ್‌ಬುಕ್ ತರಿಸಿ ನೋಡುವ ತಾಳೆ, ಎಷ್ಟೇ ಅಚ್ಚುಕಟ್ಟಾದ ಅಢಾವೆ ಪತ್ರಿಕೆಗಿಂತ ಬೆಲೆಯುಳ್ಳದ್ದು. ಅಮೆರಿಕದ ಕಾನೂನು ಅದನ್ನು ಕಡ್ಡಾಯ ಮಾಡಿರುವುದಕ್ಕೆ ಕಾರಣವೂ ಇದೇ.

ಮಾರ್ಚ್ ತಿಂಗಳ ಕೊನೆಯ ವಾರಕ್ಕೆ ಇನ್ನೊಂದು ಆಟವಿದೆ. ಶೂನ್ಯ ಬಡ್ಡಿ ಸಿಗುವುದು ವಾಯಿದೆಯೊಳಗೆ ಕಟ್ಟಿದವರಿಗೆ ಮಾತ್ರ. ಕೈಯಲ್ಲಿ ಹಣವಿಲ್ಲದ ರೈತ ಎರಡು ಮೂರು ದಿನದ ಮಟ್ಟಿಗೆ ಖಾಸಗಿಯವರಿಂದ ಬಡ್ಡಿಗೆ ತಂದು ಹಳೆಯ ಸಾಲ ತೀರಿಸುತ್ತಾನೆ. ಹೊಸ ಸಾಲ ಕೈಗೆ ಬಂದೊಡನೆ ಅವರಿಗೆ ಮರಳಿಸುತ್ತಾನೆ. ಎಷ್ಟೋ ಕಡೆ ನೋಟು ಕೈ ಬದಲಾಯಿಸುವುದೂ ಇಲ್ಲ, ಎಲ್ಲ ಪುಸ್ತಕ ಹೊಂದಾಣಿಕೆಯಲ್ಲೇ ಮುಗಿಯುತ್ತದೆ. ಸಂಘದ ವಸೂಲಾತಿ ನೂರಕ್ಕೆ ನೂರರ ಹತ್ತಿರ ಕಾಣುತ್ತದೆ, ಸುಸ್ತಿ ಇಲ್ಲವೇ ಇಲ್ಲ, ಆಡಿಟ್‌ನಲ್ಲಿ ಒಳ್ಳೆಯ ಶ್ರೇಣಿಯೂ ಸಿಗಬಹುದು. ಇದರಲ್ಲಿ ರೈತನನ್ನು ದೂರಿ ಫಲವಿಲ್ಲ. ಮಳೆ ಕೈಕೊಟ್ಟ ವರ್ಷ, ಟೊಮೆಟೊ ರಸ್ತೆಗೆ ಬಿದ್ದ ವರ್ಷವೂ ವಸೂಲಾತಿ ಒಂದಿಷ್ಟೂ ಕುಗ್ಗದಿದ್ದರೆ ಮೇಲ್ವಿಚಾರಕರಿಗೆ ಅದು ಸಂತೋಷದ ಸುದ್ದಿಯಲ್ಲ, ಅನುಮಾನಕ್ಕೆ ಕಾರಣ.

ಮುಚ್ಚಿಟ್ಟ ಕೆಟ್ಟ ಸಾಲ ಏನು ಮಾಡಬಲ್ಲದೆಂದು ಬೆಂಗಳೂರು ಕಂಡಿದೆ. ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿ, ಒಬ್ಬ ಠೇವಣಿದಾರ 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ ಎಂದಿತು. ನಿವೃತ್ತಿಯ ಹಣವನ್ನೆಲ್ಲ ಅಲ್ಲಿ ಇಟ್ಟಿದ್ದ ಹಿರಿಯರು ಬೀದಿಗಿಳಿದರು. ಅದು ಬ್ಯಾಂಕ್ ಆಗಿದ್ದರಿಂದ ಠೇವಣಿ ವಿಮೆ ಇತ್ತು. 2020ರ ಫೆಬ್ರವರಿಯಿಂದ ವಿಮೆಯ ಮಿತಿ 1 ಲಕ್ಷದಿಂದ 5 ಲಕ್ಷಕ್ಕೆ ಏರಿದೆ. ಬ್ಯಾಂಕಿನ ಮೇಲೆ ನಿರ್ಬಂಧ ಬಿದ್ದರೆ 90 ದಿನದೊಳಗೆ ಆ ಹಣ ಸಿಗಬೇಕೆಂದು 2021ರ ತಿದ್ದುಪಡಿ ಹೇಳುತ್ತದೆ. ವಿಎಸ್‌ಎಸ್‌ಎನ್, ಪತ್ತಿನ ಸಂಘ, ಪತ್ತಿನ ಸೌಹಾರ್ದ ಸಹಕಾರಿಗಳ ಠೇವಣಿಗೆ ಈ ವಿಮೆ ಇಲ್ಲ. ಬ್ಯಾಂಕಿನ ಹಾಗೆಯೇ ಗಾಜಿನ ಬಾಗಿಲು, ಕೌಂಟರು, ಕಂಪ್ಯೂಟರು ಕಂಡು ಹೆಚ್ಚು ಬಡ್ಡಿಯ ಆಸೆಗೆ ಠೇವಣಿ ಇಡುವವರಲ್ಲಿ ಇದನ್ನು ತಿಳಿದವರು ಕಡಿಮೆ. ಹೆಸರಿನಲ್ಲಿ ಬ್ಯಾಂಕ್ ಎಂದು ಬರೆದುಕೊಳ್ಳುವ ಸೊಸೈಟಿಗಳ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ನವೆಂಬರಿನಲ್ಲಿ ಜನರನ್ನು ಎಚ್ಚರಿಸಿತ್ತು. ಅಮೆರಿಕದ ಫೆಡರಲ್ ಕ್ರೆಡಿಟ್ ಯೂನಿಯನ್ ಸದಸ್ಯರಿಗೆ ಎರಡೂವರೆ ಲಕ್ಷ ಡಾಲರ್‌ವರೆಗೆ ವಿಮೆ ಇದೆ. ಇಲ್ಲಿ ಅಂಥ ಆಸರೆ ಇಲ್ಲದಿರುವುದರಿಂದ ಮೇಲ್ವಿಚಾರಣೆಯ ಭಾರ ಇನ್ನೂ ಹೆಚ್ಚು.

ಕಾಯ್ದೆಯಲ್ಲಿ ಹತ್ಯಾರಗಳಿಗೆ ಕೊರತೆಯಿಲ್ಲ. 63ನೇ ಕಲಮಿನಡಿ ಪ್ರತಿವರ್ಷ ಲೆಕ್ಕಪರಿಶೋಧನೆ, 64ರಡಿ ವಿಚಾರಣೆ, 65ರಡಿ ಪುಸ್ತಕಗಳ ಪರಿವೀಕ್ಷಣೆ. ಹಣ ನಷ್ಟ ಮಾಡಿದವರಿಂದಲೇ ಅದನ್ನು ಬಡ್ಡಿಸಹಿತ ವಸೂಲು ಮಾಡಲು 69ರಡಿ ಅಧಿಭಾರ. ಮಂಡಳಿಯನ್ನೇ ರದ್ದುಮಾಡಿ ಆಡಳಿತಾಧಿಕಾರಿಯನ್ನು ಕೂರಿಸಲು 30ನೇ ಕಲಮು. ಸುಸ್ತಿದಾರ ನಿರ್ದೇಶಕನಾಗಿ ಮುಂದುವರಿಯಲು ಬರುವುದಿಲ್ಲ. ತೊಡಕಿರುವುದು ಇವುಗಳ ವೇಗದಲ್ಲಿ. ವಿಚಾರಣೆ, ನೋಟಿಸು, ಮೇಲ್ಮನವಿ, ತಡೆಯಾಜ್ಞೆ ಎಂದು ವರ್ಷಗಳು ಉರುಳುವಷ್ಟರಲ್ಲಿ ಮಂಡಳಿಯ ಅವಧಿ ಮುಗಿದು ಹೊಸ ಚುನಾವಣೆ ಬಂದಿರುತ್ತದೆ. ಆಡಳಿತಾಧಿಕಾರಿಯ ನೇಮಕವೂ ಎಷ್ಟೋ ಸಲ ಲೆಕ್ಕ ಸರಿಮಾಡುವುದಕ್ಕಿಂತ ಪಕ್ಷದ ಲೆಕ್ಕಾಚಾರಕ್ಕೆ ಬಳಕೆಯಾಗಿದೆ ಎಂಬ ದೂರು ಹಳೆಯದು. ಅದನ್ನು ತಡೆಯಲೆಂದೇ ಸಂವಿಧಾನದ 97ನೇ ತಿದ್ದುಪಡಿ ಬಂತು. ರಾಜ್ಯಗಳ ಅನುಮೋದನೆ ಪಡೆದಿಲ್ಲವೆಂದು ರಾಜ್ಯದೊಳಗಿನ ಸಂಘಗಳ ಮಟ್ಟಿಗೆ ಅದರ ಮುಖ್ಯ ಭಾಗವನ್ನು 2021ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ತೆಗೆದುಹಾಕಿತು. ಅಷ್ಟರಲ್ಲಿ ಕರ್ನಾಟಕ ತನ್ನ ಕಾಯ್ದೆಯನ್ನು ಅದಕ್ಕೆ ಹೊಂದುವಂತೆ ತಿದ್ದಿಕೊಂಡಾಗಿತ್ತು. ಹಾಗೆ ಬಂದ ಬದಲಾವಣೆಗಳಲ್ಲೊಂದು, ಲೆಕ್ಕಪರಿಶೋಧಕರನ್ನು ಅನುಮೋದಿತ ಪಟ್ಟಿಯಿಂದ ಮಹಾಸಭೆಯೇ ಆರಿಸುವುದು. ಆದರೆ ಬಹುತೇಕ ಸಭೆಗಳಲ್ಲಿ ಮಂಡಳಿ ಸೂಚಿಸಿದ ಹೆಸರೇ ಚಪ್ಪಾಳೆಯೊಡನೆ ಪಾಸಾಗುತ್ತದೆ; ಪರೀಕ್ಷೆಗೆ ಒಳಗಾಗುವವರೇ ಪರೀಕ್ಷಕರನ್ನು ಗೊತ್ತುಮಾಡಿದಂತಾಗುತ್ತದೆ.

ಸೆಪ್ಟೆಂಬರ್ ತಿಂಗಳು ಹಳ್ಳಿ ಸೊಸೈಟಿಗಳಲ್ಲಿ ವಾರ್ಷಿಕ ಮಹಾಸಭೆಯ ಕಾಲ. ಶಾಮಿಯಾನ, ಸನ್ಮಾನ, ಪ್ರತಿಭಾ ಪುರಸ್ಕಾರ, ಊಟ ಎಲ್ಲ ಇರುತ್ತವೆ. ಕಾರ್ಯದರ್ಶಿ ಜಮಾಖರ್ಚನ್ನು ಒಂದೇ ಉಸಿರಿಗೆ ಓದಿ ಮುಗಿಸುತ್ತಾರೆ. ಆದರೆ ಸದಸ್ಯರು ಕೇಳಬೇಕಾದ ಕಾಗದ ಆಡಿಟ್ ವರದಿಯ ಹಿಂದಿರುವ ನ್ಯೂನತೆಗಳ ಪಟ್ಟಿ, ಜೊತೆಗೆ ಹಿಂದಿನ ವರ್ಷದ ನ್ಯೂನತೆಗಳಿಗೆ ಮಂಡಳಿ ಕೊಟ್ಟ ಅನುಪಾಲನಾ ವರದಿ. ಒಂದೇ ನ್ಯೂನತೆ ಮೂರು ವರ್ಷ ಮರುಕಳಿಸಿದ್ದರೆ ಮಂಡಳಿ ವರದಿಯನ್ನು ಓದಿಲ್ಲ, ಇಲ್ಲವೇ ಓದಿ ಸುಮ್ಮನಿದೆ. ಸಾಲ ಪಡೆದ ನಿರ್ದೇಶಕರು ಎಷ್ಟು ಮಂದಿ, ಅವರ ಬಾಕಿ ಎಷ್ಟು, ಸಂಘದ ಹಣ ಯಾವ ಬ್ಯಾಂಕಿನಲ್ಲಿದೆ ಎಂಬ ಪ್ರಶ್ನೆಗಳನ್ನೂ ಅದೇ ಸಭೆಯಲ್ಲಿ ಕೇಳಿ, ಉತ್ತರವನ್ನು ನಡವಳಿ ಪುಸ್ತಕದಲ್ಲಿ ಬರೆಸಬಹುದು.

ಸೊಸೈಟಿಗಳನ್ನು ಕಂಪ್ಯೂಟರಿಗೆ ತರುವ ಕೇಂದ್ರದ ಯೋಜನೆಗೆ 2022ರಲ್ಲಿ ಒಪ್ಪಿಗೆ ಸಿಕ್ಕಿತು; ದೇಶದ 63,000 ಸಂಘಗಳಿಗೆ 2,516 ಕೋಟಿ ರೂಪಾಯಿ ಇಡಲಾಯಿತು. ದಿನದ ಲೆಕ್ಕ ಅಂದೇ ಮೇಲಿನವರಿಗೆ ಕಾಣುವಂತಾದರೆ ಕೈನಗದಿನ ಆಟಕ್ಕೆ ಕಡಿವಾಣ ಬೀಳುತ್ತದೆ. ಆದರೆ ಮನೆಮನೆಯ ಪಾಸ್‌ಬುಕ್ ತಾಳೆಯನ್ನು ಕಂಪ್ಯೂಟರು ಮಾಡಲಾರದು; ಸುಳ್ಳು ಹೆಸರಿನ ಸಾಲವನ್ನೂ ಅದು ಅಷ್ಟೇ ಅಂದವಾಗಿ ಮುದ್ರಿಸಿ ಕೊಡುತ್ತದೆ.

ಸಂಘವೇ ಮಾಹಿತಿ ಕೊಡದಿದ್ದರೆ ದಾರಿ ಪೂರ್ತಿ ಮುಚ್ಚಿಹೋಗುವುದಿಲ್ಲ. ಕೇರಳದ ತಲಪ್ಪಾಲಂ ಸೇವಾ ಸಹಕಾರಿ ಬ್ಯಾಂಕಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2013ರ ಅಕ್ಟೋಬರಿನಲ್ಲಿ ತೀರ್ಪು ಕೊಟ್ಟು, ಸರ್ಕಾರದ ಗಣನೀಯ ಹಣವೋ ಹಿಡಿತವೋ ಇಲ್ಲದ ಸಹಕಾರ ಸಂಘ ಮಾಹಿತಿ ಹಕ್ಕು ಕಾಯ್ದೆಯ ವ್ಯಾಪ್ತಿಗೆ ನೇರವಾಗಿ ಬರುವುದಿಲ್ಲ ಎಂದಿತು. ಆದರೆ ನಿಬಂಧಕರು ಬರುತ್ತಾರೆ. ಸಂಘದಿಂದ ಕಾನೂನಿನ ಪ್ರಕಾರ ಅವರು ತರಿಸಿಕೊಳ್ಳಬಹುದಾದ ದಾಖಲೆಯನ್ನು, ಕಾಯ್ದೆಯ ವಿನಾಯಿತಿಗಳಿಗೆ ಒಳಪಟ್ಟು, ಅರ್ಜಿ ಹಾಕಿದವರಿಗೂ ಕೊಡಬೇಕಾಗುತ್ತದೆ. ಕೈವಾರದ ಸದಸ್ಯರೊಬ್ಬರು ತಮ್ಮ ಸೊಸೈಟಿಯ ಆಡಿಟ್ ವರದಿಯನ್ನು ಸಹಕಾರ ಇಲಾಖೆಯ ಕಚೇರಿಯಿಂದ ಪಡೆಯಲು 10 ರೂಪಾಯಿ ಶುಲ್ಕದ ಅರ್ಜಿಯೊಂದನ್ನು ಹಾಕಿದರಾಯಿತು.