ರಕ್ತದ ಕಬ್ಬಿಣ, ಉಸಿರಿನ ಆಮ್ಲಜನಕ ಮತ್ತು ಜೋಳದ ಹಸಿಮೇವು

ಮಳೆ ಕೈಕೊಟ್ಟು ಬಾಡಿದ ಜೋಳದ ಪೈರನ್ನು ಮೇಯ್ದ ರಾಸುಗಳು ಸ್ವಲ್ಪ ಹೊತ್ತಿನಲ್ಲೇ ಏದುಸಿರು ಬಿಟ್ಟು ನೆಲಕ್ಕೆ ಬೀಳುವುದುಂಟು. ಇದಕ್ಕೆ ಎರಡು ವಿಷಗಳು ಕಾರಣವಾಗಬಹುದು: ಒಂದು ನೈಟ್ರೇಟ್, ಇನ್ನೊಂದು ಸಯನೈಡ್. ಎರಡೂ ದೇಹದ ಕಬ್ಬಿಣಾಂಶದ ಮೇಲೆಯೇ ಎರಗುತ್ತವೆ. ಆದರೆ ಒಂದಕ್ಕೆ ಕೊಡುವ ಔಷಧಿ ಇನ್ನೊಂದರಲ್ಲಿ ಪ್ರಾಣಕ್ಕೇ ಎರವಾಗಬಹುದು. ಆಮ್ಲಜನಕ ಕಬ್ಬಿಣದೊಡನೆ ಸೇರುವ ಬಗೆಯನ್ನು ತಿಳಿದರೆ ಇದರ ಕಾರಣ ಸ್ಪಷ್ಟವಾಗುತ್ತದೆ.

ಕಬ್ಬಿಣಕ್ಕೆ ಆರು ಕೈಗಳು

ಕಬ್ಬಿಣ, ತಾಮ್ರ, ಕೋಬಾಲ್ಟ್ ಮುಂತಾದವು ಸಂಕ್ರಮಣ ಲೋಹಗಳು. ಇವು ತಮ್ಮ ಸುತ್ತ ಬೇರೆ ಅಣುಗಳನ್ನು ಹಿಡಿದುಕೊಂಡು ಸಂಕೀರ್ಣ ಸಂಯುಕ್ತಗಳಾಗುತ್ತವೆ. ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹಿಮೋಗ್ಲೋಬಿನ್ ಇಂಥದೇ ವಸ್ತು. ಅದರ ಒಂದು ಅಣುವಿನಲ್ಲಿ 4 ಕಬ್ಬಿಣದ ಪರಮಾಣುಗಳಿವೆ. ಪ್ರತಿಯೊಂದಕ್ಕೂ 6 ಕೈಗಳಿವೆ ಎಂದು ಭಾವಿಸೋಣ. ನಾಲ್ಕು ಕೈಗಳು ಬಳೆಯಾಕಾರದ ಒಂದು ಅಣುವಿನ ಸಾರಜನಕಗಳನ್ನು ಹಿಡಿದಿರುತ್ತವೆ. ಐದನೆಯದು ಸಸಾರಜನಕಕ್ಕೆ ಅಂಟಿಕೊಂಡಿರುತ್ತದೆ. ಖಾಲಿಯಿರುವ ಆರನೆಯ ಕೈಯನ್ನು ಶ್ವಾಸಕೋಶದಲ್ಲಿ ಆಮ್ಲಜನಕ ಬಂದು ಹಿಡಿಯುತ್ತದೆ. ಈ ಅಣುವಿನ ರಚನೆಯನ್ನು ಬಿಡಿಸಿ ತೋರಿಸಿದ ಮ್ಯಾಕ್ಸ್ ಪೆರುಟ್ಜ್ ಅವರು ಜಾನ್ ಕೆಂಡ್ರೂ ಅವರೊಡನೆ 1962ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕ ಹಂಚಿಕೊಂಡರು.

ಈ ಹಿಡಿತ ಸಡಿಲವಾದದ್ದು. ಕಬ್ಬಿಣದ ಒಂದು ಎಲೆಕ್ಟ್ರಾನ್ ಬಹುಮಟ್ಟಿಗೆ ಆಮ್ಲಜನಕದ ಕಡೆ ವಾಲುತ್ತದೆ. ಆಮ್ಲಜನಕ ಬಿಟ್ಟುಹೋಗುವಾಗ ಮರಳುತ್ತದೆ. ಇದು ಕೈಗಡವಿದ್ದಂತೆ. ಹೊಲದಲ್ಲಿ ಬಿದ್ದ ಕುಳ ತುಕ್ಕು ಹಿಡಿದರೆ ಮತ್ತೆ ಕಬ್ಬಿಣವಾಗದು. ರಕ್ತದ ಕಬ್ಬಿಣವಾದರೋ ದಿನವಿಡೀ ಆಮ್ಲಜನಕವನ್ನು ಹೊತ್ತು ಇಳಿಸುತ್ತಲೇ ಇರುತ್ತದೆ.

ನೈಟ್ರೇಟ್ ಮಾಡುವ ಹಾನಿ

ಯೂರಿಯಾ ಹೆಚ್ಚಾಗಿ ಹಾಕಿದ ಹೊಲದಲ್ಲಿ ಪೈರು ನೀರಿಲ್ಲದೆ ಸೊರಗಿದಾಗ ದಂಟಿನಲ್ಲಿ, ಅದರಲ್ಲೂ ಬುಡದಲ್ಲಿ, ನೈಟ್ರೇಟ್ ಶೇಖರವಾಗುತ್ತದೆ. ದನದ ದೊಡ್ಡ ಹೊಟ್ಟೆಯಲ್ಲಿರುವ ಸೂಕ್ಷ್ಮಾಣುಗಳು ಇದನ್ನು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ನೈಟ್ರೈಟ್ ಹೆಚ್ಚಾಗಿ ರಕ್ತ ಸೇರಿದರೆ ಕಬ್ಬಿಣದ ಆ ಎಲೆಕ್ಟ್ರಾನನ್ನೇ ಕಸಿದುಕೊಳ್ಳುತ್ತದೆ. ಅಂಥ ಕಬ್ಬಿಣ ಆಮ್ಲಜನಕವನ್ನು ಹಿಡಿಯಲಾರದು. ರಕ್ತ ಚಾಕೊಲೇಟಿನಂತೆ ಕಂದಾಗುತ್ತದೆ. ಮೂಗಿನ ತುಂಬ ಗಾಳಿಯಿದ್ದರೂ ರಾಸು ಉಸಿರುಕಟ್ಟಿ ಸಾಯುತ್ತದೆ.

ಸಯನೈಡ್ ವಿಷ

ಎಳೆ ಜೋಳ ಮತ್ತು ಕೂಳೆ ಚಿಗುರಿನಲ್ಲಿ ಸಯನೈಡ್ ಹುಟ್ಟಿಸುವ ವಸ್ತುವಿರುತ್ತದೆ. ಸಯನೈಡ್ ಜೀವಕೋಶಗಳೊಳಗೆ ಆಮ್ಲಜನಕವನ್ನು ಬಳಸುವ ಕಿಣ್ವದ ಕಬ್ಬಿಣವನ್ನು ಬಿಗಿಯಾಗಿ ಹಿಡಿದುಬಿಡುತ್ತದೆ. ರಕ್ತದಲ್ಲಿ ಆಮ್ಲಜನಕ ಬಳಕೆಯಾಗದೆ ಉಳಿಯುವುದರಿಂದ ರಕ್ತ ಹೊಳೆಯುವ ಕೆಂಪಾಗಿರುತ್ತದೆ.

ಚಿಕಿತ್ಸೆ

ನೈಟ್ರೇಟ್ ವಿಷಕ್ಕೆ ಪಶುವೈದ್ಯರು ರಕ್ತನಾಳಕ್ಕೆ ಮೆಥಿಲೀನ್ ಬ್ಲೂ ಕೊಡುತ್ತಾರೆ. ಇದು ಕಬ್ಬಿಣಕ್ಕೆ ಕಳೆದುಹೋದ ಎಲೆಕ್ಟ್ರಾನ್ ಮರಳಿ ಸಿಗುವಂತೆ ಮಾಡುತ್ತದೆ. ಸಯನೈಡ್ ವಿಷಕ್ಕೆ ಸೋಡಿಯಂ ನೈಟ್ರೈಟ್ ಮತ್ತು ಸೋಡಿಯಂ ಥಯೋಸಲ್ಫೇಟ್ ಬಳಸುತ್ತಾರೆ. ಇಲ್ಲಿ ನೈಟ್ರೈಟ್ ಬೇಕೆಂದೇ ರಕ್ತದ ಕೊಂಚ ಕಬ್ಬಿಣವನ್ನು ಮಾರ್ಪಡಿಸುತ್ತದೆ. ಆ ಕಬ್ಬಿಣ ಸಯನೈಡನ್ನು ತನ್ನತ್ತ ಸೆಳೆದುಕೊಳ್ಳುತ್ತದೆ. ಇದೇ ನೈಟ್ರೈಟನ್ನು ನೈಟ್ರೇಟ್ ವಿಷವೇರಿದ ರಾಸಿಗೆ ಕೊಟ್ಟರೆ ಗತಿಯೇನು? ಆದ್ದರಿಂದ ಮನೆಮದ್ದಿಗೆ ಹೊತ್ತು ಕಳೆಯದೆ ಕೂಡಲೇ ವೈದ್ಯರನ್ನು ಕರೆಯಿರಿ. ಯಾವ ಮೇವು, ಎಷ್ಟು ಹೊತ್ತಿನ ಹಿಂದೆ ಮೇಯ್ದಿತು, ರಕ್ತದ ಬಣ್ಣ ಹೇಗಿದೆ ಎಂಬುದನ್ನು ತಿಳಿಸಿರಿ. ಬಣ್ಣ ಸುಳಿವು ಮಾತ್ರ, ನಿರ್ಧಾರ ವೈದ್ಯರದು.

ರೈತರು ವಹಿಸಬೇಕಾದ ಎಚ್ಚರಿಕೆ

1. ಬಾಡಿದ ಜೋಳಕ್ಕೆ ಮಳೆ ಬಿದ್ದೊಡನೆ ದನಗಳನ್ನು ಬಿಡಬೇಡಿ. ಎಳೆ ಪೈರು, ಕೂಳೆ ಚಿಗುರು ಮೇಯಿಸಬೇಡಿ.

2. ಸಂಶಯವಿದ್ದ ಬೆಳೆಯನ್ನು ನೆಲದಿಂದ ಒಂದು ಅಡಿಯಷ್ಟು ಮೇಲಕ್ಕೆ ಕೊಯ್ಯಿರಿ.

3. ಚೆನ್ನಾಗಿ ಒಣಗಿಸಿದರೆ ಸಯನೈಡಿನ ಅಪಾಯ ತಗ್ಗುತ್ತದೆ. ನೈಟ್ರೇಟ್ ಮಾತ್ರ ಒಣಮೇವಿನಲ್ಲೂ ಉಳಿಯುತ್ತದೆ. ರಸಮೇವು ಮಾಡಿದರೆ ನೈಟ್ರೇಟ್ ಸಾಕಷ್ಟು ಕಡಿಮೆಯಾಗುತ್ತದೆ.

4. ಮೇವಿನ ಒಣ ತೂಕದಲ್ಲಿ ನೈಟ್ರೇಟ್ ಶೇ. 1 ದಾಟಿದರೆ ಅಪಾಯ. ಗಬ್ಬದ ಹಸುಗಳಿಗೆ ಇದಕ್ಕೂ ಕಡಿಮೆ ಪ್ರಮಾಣ ಸಾಕು, ಕಂದು ಹಾಕಬಹುದು.

5. ಹಸಿದ ರಾಸಿಗೆ ಒಮ್ಮೆಲೇ ಹಸಿಜೋಳ ಹಾಕದೆ, ಮೊದಲು ಒಣಹುಲ್ಲು ತಿನ್ನಿಸಿರಿ.

ಕುಸಿದ ರಾಸನ್ನು ಉಳಿಸಲು ಸಿಗುವ ಹೊತ್ತು ಬಹಳ ಕಡಿಮೆ. ಮೇವು ಕೊಯ್ಯುವಾಗಲೇ ಎಚ್ಚರ ವಹಿಸುವುದು ಲೇಸು.