ಕಾವಲು ಬಂಜರಲ್ಲ

ಬೀರೂರಿನಿಂದ ಅಜ್ಜಂಪುರದತ್ತ ಬೇಸಗೆಯಲ್ಲಿ ಪಯಣಿಸುವವನಿಗೆ, ಕಂದಿದ ಹುಲ್ಲಿನ ಬಯಲು ಕಂಡೊಡನೆ, ಇದು ಯಾರಿಗೂ ಬೇಡದ ಬಂಜರು, ನಾಲ್ಕು ಗಿಡ ನೆಟ್ಟರೆ ಭೂಮಿ ಸಾರ್ಥಕವಾದೀತು ಎಂಬ ಭಾವನೆ ಮೂಡುವುದು ಸಹಜ. ಆದರೆ ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿಯೆಂಬ ದನಗಳ ಇಲಾಖೆ ಮುಂದೆ ಟಿಪ್ಪುವಿನಿಂದ ಅಮೃತಮಹಲೆಂಬ ಹೆಸರು ಪಡೆದು, ಮೈಸೂರಿನ ಸೈನ್ಯಕ್ಕೆ ಫಿರಂಗಿ ಎಳೆಯುವ ಎತ್ತುಗಳನ್ನು ಒದಗಿಸಿದ್ದು ಮೇವಿಗೆಂದು ಮೀಸಲಿಟ್ಟ ಇಂತಹ ಬಯಲುಗಳ, ಎಂದರೆ ಕಾವಲುಗಳ, ಹುಲ್ಲಿನಿಂದಲೇ. ಉಳದೆ, ಬಿತ್ತದೆ, ನೀರು ಹಾಯಿಸದೆ ಇಷ್ಟನ್ನು ಕೊಟ್ಟ ನೆಲವನ್ನು ಬಂಜರೆಂದು ಕರೆಯಲು ನನಗೆ ಮನಸ್ಸು ಬಾರದು. ಅಮೃತಮಹಲ್ ಹಸು ಹಾಲು ಕಡಿಮೆ ಕೊಡುವುದು ನಿಜ; ಆ ತಳಿಯನ್ನು ಬೆಳೆಸಿದ್ದು ಹಾಲಿಗಾಗಿ ಅಲ್ಲ, ಎತ್ತಿನ ಕಸುವಿಗಾಗಿ.

ಗಿಡ ನೆಡುವ ಉತ್ಸಾಹವೂ ಎಲ್ಲೆಡೆಯೂ ಹಿತವಲ್ಲ. ಹುಲ್ಲು ಬಿಸಿಲನ್ನುಂಡು ಬಾಳುವ ಸಸ್ಯ; ಮರದ ದಟ್ಟ ನೆರಳಿನಲ್ಲಿ ಸೊರಗುತ್ತದೆ. ಅದು ಗಾಳಿಯಿಂದ ಹೀರಿ ಕೂಡಿಟ್ಟ ಇಂಗಾಲದ ಬಹುಭಾಗ ಬೇರಿನಲ್ಲಿ, ಮಣ್ಣಿನಲ್ಲಿ, ಬೆಂಕಿಗೆಟುಕದಂತೆ ನೆಲೆಸಿರುತ್ತದೆ. ಬಳ್ಳಾರಿ ಜಾಲಿಯೆಂಬ ಮುಳ್ಳುಮರ ದಟ್ಟವಾಗಿ ಹಬ್ಬಿದೆಡೆ ಮೇವೂ ಇಲ್ಲ, ಬಯಲನ್ನೇ ನೆಚ್ಚಿದ ಕೃಷ್ಣಮೃಗಕ್ಕೆ ಓಡಲು ಎಡೆಯೂ ಇಲ್ಲ.

ಇನ್ನು ದನ ಮೇಯ್ದಲ್ಲಿ ಹುಲ್ಲು ಅಳಿಯುವುದೆಂಬ ನಂಬಿಕೆ. ಗಿಡದ ಚಿಗುರು ತುದಿಯಲ್ಲಿದ್ದರೆ, ಹುಲ್ಲಿನ ಚಿಗುರು ಬಹುಕಾಲ ಬುಡದಲ್ಲಿ, ದನದ ಬಾಯಿಗೆ ಸಿಕ್ಕದಂತೆ ಅಡಗಿರುತ್ತದೆ. ಆದುದರಿಂದಲೇ ಮೇಯ್ದ ಹುಲ್ಲು ಮತ್ತೆ ಮೇಲೇಳುತ್ತದೆ. ಅದನ್ನು ಕೊಲ್ಲುವುದು ಬಿಡುವಿಲ್ಲದ ಮೇಯಿಸುವಿಕೆ. ಮುಂಗಾರಿನ ಮೊದಲ ಮಳೆಗೆ ಬೇರಿನಲ್ಲಿ ಕೂಡಿಟ್ಟ ಸತ್ತ್ವವನ್ನೇ ವ್ಯಯಿಸಿ ಎದ್ದ ಎಳೆಗರಿಯನ್ನು ಒಡನೆಯೇ, ಮತ್ತೆ ಮತ್ತೆ, ಕಚ್ಚಿಸಿದರೆ, ಎಲೆ ಉಣಿಸದ ಬೇರು ಕುಗ್ಗಿ, ಮಳೆಯ ನೀರು ಇಂಗದೆ ಹರಿದು, ದನ ಒಲ್ಲದ ಕಳೆ ಆ ನೆಲವನ್ನಾಕ್ರಮಿಸುತ್ತದೆ. ಹಿಂದಿನವರು ಈ ಮರ್ಮವನ್ನರಿತೇ ಕಾವಲುಗಳನ್ನು ಬೇಸಗೆ, ಮಳೆಗಾಲ, ಚಳಿಗಾಲಗಳಿಗೆಂದು ವಿಂಗಡಿಸಿ, ಮಂದೆಯನ್ನು ಒಂದರಿಂದ ಮತ್ತೊಂದಕ್ಕೆ ಅಟ್ಟುತ್ತಿದ್ದರು. ದನವಿಲ್ಲದ ತಿಂಗಳುಗಳೂ ಹುಲ್ಲಿಗೆ ಬೇಸಾಯವೇ ಆಗಿದ್ದವು. ರಾಸುಗಳ ತಲೆಯೆಣಿಕೆ ಹೆಚ್ಚಿದಷ್ಟೂ ಆದಾಯ ಹೆಚ್ಚುವುದೆಂಬುದೂ ಇಲ್ಲಿಯೇ ಸೋಲುತ್ತದೆ: ಬಯಲಿನ ಶಕ್ತಿಯನ್ನು ಮೀರಿದ ಮಂದೆಯಲ್ಲಿ ಪ್ರತಿಯೊಂದು ರಾಸೂ ಸೊರಗಿ, ಬೆದೆಗೆ ತಡವಾಗಿ ಬಂದು, ಕರುವಿಗೂ ಸಾಲದಷ್ಟು ಹಾಲಿಳಿಸುತ್ತದೆ.

ದನವನ್ನು ದೂರುವವರಿಗೆ ವಿರುದ್ಧವಾಗಿ, ಹುಲ್ಲು ಮೇಯುವ ದನದಿಂದ ವಾಯುಮಂಡಲಕ್ಕೆ ಯಾವ ಕೇಡೂ ಇಲ್ಲವೆನ್ನುವ ಸಜ್ಜನರೂ ಉಂಟು. ಕಾವಲನ್ನು ಪ್ರೀತಿಸುವ ನಾನೂ ಅದನ್ನೊಪ್ಪಲಾರೆ. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯಲ್ಲಿ ಸೂಕ್ಷ್ಮಜೀವಿಗಳು ನಾರನ್ನು ಹುದುಗಿಸುವಾಗ ಮೀಥೇನ್ ಹುಟ್ಟಿಯೇ ಹುಟ್ಟುತ್ತದೆ. ಬಲಿತ ಒರಟು ಹುಲ್ಲನ್ನೇ ತಿಂದು ಕೊಂಚವೇ ಹಾಲಿಳಿಸುವ ಹಸುವಿನಲ್ಲಿ ಪ್ರತಿ ಲೀಟರಿಗೆ ಅದರ ಪಾಲು ಅಧಿಕ. ಆದಕಾರಣ ಹುಲ್ಲನ್ನು ಪುಷ್ಯದವರೆಗೆ ನಿಲ್ಲಿಸಿ ಕಡ್ಡಿಯಾಗಗೊಡದೆ, ಹೂಬಿಡುವ ಹದದಲ್ಲಿಯೇ ಕೊಯ್ದು ಒಣಗಿಸಿ ಬಣವೆಯೊಟ್ಟಿಕೊಂಡ ರೈತನ ದನ, ಬೇಸಗೆಯಲ್ಲಿ ಕಡಿಮೆ ಮೇವನ್ನುಂಡೂ ಮೈಗೆಡದೆ ನಿಲ್ಲುತ್ತದೆ; ಹಾಲಿನ ಲೆಕ್ಕದಲ್ಲಿ ಅದರ ಮೀಥೇನಿನ ಪಾಲೂ ತಗ್ಗುತ್ತದೆ.